ನಾಳೆಯೂ ಬರುವವರ ಹೋಟೆಲು

ಹೊಸ ಊರಿನ ಲಾಡ್ಜಿನಲ್ಲಿ ಚೀಲ ಇಳಿಸಿದವರು ಬಿಸಿನೀರಿನ ವೇಳೆ ವಿಚಾರಿಸಿಕೊಂಡ ಮೇಲೆ ಕೇಳುವುದು ಒಂದೇ: ‘ಇಲ್ಲಿ ಒಳ್ಳೆ ಹೋಟೆಲ್ ಯಾವುದು?’ ಬೀದರಿನಿಂದ ಚಾಮರಾಜನಗರದವರೆಗೆ ಈ ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ಉತ್ತರ. ಮುಖ್ಯರಸ್ತೆಯ ಮೇಲಿರುವ, ಗಾಜಿನ ಬಾಗಿಲಿನ, ಎ.ಸಿ. ಹಾಕಿದ ಜಾಗವೊಂದರ ಹೆಸರು ಹೇಳುತ್ತಾರೆ. ಅಲ್ಲಿ ಹೋಗಿ ಕೂತರೆ ಪುಟಗಟ್ಟಲೆ ಮೆನು. ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲಾ, ವೆಜ್ ಫ್ರೈಡ್ ರೈಸ್, ನಾಲ್ಕು ಬಗೆಯ ಸೂಪು. ಆ ಊರಿನ ಮಣ್ಣಿನಲ್ಲಿ ಬೆಳೆದದ್ದು, ಆ ಊರಿನವರು ದಿನಾ ಉಣ್ಣುವುದು ಮಾತ್ರ ಅದರಲ್ಲಿ ಇರುವುದಿಲ್ಲ. ಕೌಂಟರಿನ ಹುಡುಗನದು ತಪ್ಪೇನಲ್ಲ. ನೆಂಟರು ಬಂದಾಗ ದಿನಬಳಕೆಯ ತಟ್ಟೆ ಒಳಗಿಟ್ಟು ಪಿಂಗಾಣಿ ತಟ್ಟೆ ಹೊರಗೆ ತೆಗೆಯುವ ಹಾಗೆ ಅವನು ಪರವೂರಿನವರಿಗೆ ತಕ್ಕದ್ದನ್ನು ತೋರಿಸಿದ, ಅಷ್ಟೆ. ತಾನು ಮಾತ್ರ ಡ್ಯೂಟಿ ಮುಗಿದ ಮೇಲೆ ಹಿಂದಿನ ಗಲ್ಲಿಗೆ ಹೋಗಿ ಉಣ್ಣುತ್ತಾನೆ. ನಮಗೆ ಬೇಕಾದ್ದು ಆ ಗಲ್ಲಿ.

ಅದಕ್ಕೆ ಪ್ರಶ್ನೆ ಬದಲಿಸಬೇಕು. ಹುಬ್ಬಳ್ಳಿಯಲ್ಲಿ ಆಟೊ ಹತ್ತಿ, ‘ಮಧ್ಯಾಹ್ನ ನೀವು ಎಲ್ಲಿ ಊಟ ಮಾಡ್ತೀರಿ?’ ಎಂದು ಕೇಳಿದೆ.

‘ನಾವಾ? ನಾವು ಇಲ್ಲೇ ಖಾನಾವಳ್ಯಾಗ ಉಣ್ತೀವ್ರಿ. ನಿಮ್ಮಂಥಾವರಿಗೆ ಅದು ಸರಿ ಹೋಗಂಗಿಲ್ಲ ಬಿಡ್ರಿ ಸರ.’

‘ಅಲ್ಲಿಗೇ ಬಿಡಿ.’

ಹಳೇ ಪೇಟೆಯ ಸಣ್ಣ ಓಣಿ. ಬೋರ್ಡು ಕಣ್ಣಿಗೆ ಬೀಳುವ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಒಳಗೆ ಹೆಂಗಸರಿಬ್ಬರು ಜೋಳದ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬಿದ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತಿದ್ದರು. ಬುಟ್ಟಿಯಿಂದ ತಟ್ಟೆಗೆ ಬರುವ ಹೊತ್ತಿಗೂ ಅದರ ಬಿಸಿ ಆರಿರಲಿಲ್ಲ. ತಟ್ಟೆಯಲ್ಲಿ ಎಣ್ಣೆಗಾಯಿ ಬದನೆಕಾಯಿ, ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಸೌತಿಕಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಆಯ್ಕೆ ಮಾಡುವ ಗೊಡವೆಯೇ ಇಲ್ಲ. ಕೂತರೆ ಊಟ ಬರುತ್ತದೆ, ಇನ್ನೊಂದು ರೊಟ್ಟಿ ಬೇಡವೆಂದರೂ ಬೀಳುತ್ತದೆ.

ಊಟದಷ್ಟೇ ನನ್ನ ಗಮನ ಸೆಳೆದದ್ದು ಗಲ್ಲಾದ ಮೇಲಿದ್ದ ವಹಿ. ಉದ್ದನೆಯ ನೋಟುಬುಕ್ಕು, ಒಂದೊಂದು ಪುಟಕ್ಕೆ ಒಂದೊಂದು ಹೆಸರು, ಹೆಸರಿನ ಕೆಳಗೆ ತಾರೀಕು, ತಾರೀಕಿನ ಮುಂದೆ ಟಿಕ್ಕು. ತಿಂಗಳ ಊಟದವರ ಲೆಕ್ಕ ಅದು. ವರ್ಗವಾಗಿ ಬಂದು ಸಂಸಾರವನ್ನು ಊರಲ್ಲೇ ಬಿಟ್ಟಿರುವ ಬ್ಯಾಂಕಿನವರು, ರೂಮು ಮಾಡಿಕೊಂಡಿರುವ ಕಾಲೇಜು ಹುಡುಗರು, ಅಂಗಡಿಗಳ ಗುಮಾಸ್ತರು. ಕೈತೊಳೆದು ಬಂದವರೊಬ್ಬರು ಮಾಲೀಕರಿಗೆ, ‘ನಿನ್ನಿ ಸಾರಿಗೆ ಉಪ್ಪು ಜಾಸ್ತಿ ಆಗಿತ್ರೀ’ ಎಂದರು. ಮಾಲೀಕರು ವಾದಿಸಲಿಲ್ಲ. ಒಳಗೆ ತಿರುಗಿ ಅದೇ ಮಾತನ್ನು ಅಡುಗೆಮನೆಗೆ ದಾಟಿಸಿದರು.

ಒಳ್ಳೆಯ ಹೋಟೆಲ್ ಯಾವುದು ಎಂಬುದಕ್ಕೆ ನಾನು ನಂಬಿರುವ ಉತ್ತರ ಆ ವಹಿಯಲ್ಲಿದೆ. ನಾಳೆಯೂ ಅದೇ ಗಿರಾಕಿಗೆ ಬಡಿಸಬೇಕಾದ ಹೋಟೆಲು ಇವತ್ತು ಅವನಿಗೆ ಕೆಟ್ಟದ್ದನ್ನು ಬಡಿಸಲಾರದು. ಹಳಸಿದ ಎಣ್ಣೆ, ನಿನ್ನೆಯ ಪಲ್ಯ, ನೀರಾದ ಮೊಸರು ಯಾವುದನ್ನೂ ದಿನಾ ಬರುವವನ ಕಣ್ಣು ತಪ್ಪಿಸಿ ದಾಟಿಸಲಾಗದು. ಪ್ರವಾಸಿ ಹಾಗಲ್ಲ, ಒಮ್ಮೆ ಬರುವವನು. ಅವನು ಬೈದರೂ ನಷ್ಟವಿಲ್ಲ, ಹೊಗಳಿದರೂ ಲಾಭವಿಲ್ಲ. ಹಾಗಾಗಿ ಒಮ್ಮೆ ಬರುವವನು ದಿನಾ ಬರುವವರ ಪಂಕ್ತಿಯಲ್ಲಿ ಹೋಗಿ ಕೂರಬೇಕು. ಅವರು ವರ್ಷಗಟ್ಟಲೆ ಹೇಳಿ ಹೇಳಿ ತಿದ್ದಿದ ರುಚಿ ಇವನಿಗೆ ಪುಕ್ಕಟೆಯಾಗಿ ಸಿಗುತ್ತದೆ.

‘ಜನ ತುಂಬಿದ್ದರೆ ಹೋಟೆಲ್ ಚೆನ್ನಾಗಿದೆ ಅಂತ ಅರ್ಥ’ ಎಂದು ಹಿರಿಯರು ಹೇಳುವುದುಂಟು. ನಾನು ಪೂರ್ತಿ ಒಪ್ಪುವುದಿಲ್ಲ. ರಾತ್ರಿ ಬಸ್ಸುಗಳು ನಿಲ್ಲುವ ಹೆದ್ದಾರಿ ಹೋಟೆಲುಗಳೂ ತುಂಬಿರುತ್ತವೆ. ಅಲ್ಲಿನ ಗಿರಾಕಿ ಹೋಟೆಲನ್ನು ಆರಿಸಿಕೊಂಡು ಬಂದವನಲ್ಲ, ಬಸ್ಸು ನಿಂತಿತು, ಇಳಿದ. ದೊಡ್ಡ ಕ್ಷೇತ್ರಗಳ ರಥಬೀದಿಯಲ್ಲಿ, ಜಲಪಾತದ ಪಾರ್ಕಿಂಗ್ ಜಾಗದಲ್ಲಿ, ರೈಲು ನಿಲ್ದಾಣದ ಎದುರಿನಲ್ಲಿ ಕಾಣುವ ಗದ್ದಲವೂ ಬಹುಮಟ್ಟಿಗೆ ಇದೇ ಜಾತಿಯದು. ಇವತ್ತಿನವರು ನಾಳೆ ಇರುವುದಿಲ್ಲ, ನಾಳೆಯವರು ಬೇರೆ. ಎಷ್ಟು ಜನ ಎಂಬುದಕ್ಕಿಂತ ಎಂಥ ಜನ ಎಂದು ನೋಡಬೇಕು. ಸಪ್ಲೈಯರ್ ಕೇಳದೆಯೇ ಕಾಫಿ ತಂದಿಡುವುದು ಯಾರ ಮುಂದೆ? ಕೈತೊಳೆಯುವ ಜಾಗ ಹುಡುಕದೆ ನೇರ ಅಲ್ಲಿಗೆ ನಡೆಯುವವರು ಎಷ್ಟು ಮಂದಿ? ಐದು ನಿಮಿಷ ಬಾಗಿಲಲ್ಲಿ ನಿಂತರೆ ತಿಳಿಯುತ್ತದೆ.

ನಮ್ಮ ಊಟದ ಗಂಧಗಾಳಿಯೂ ಇಲ್ಲದ ಕೋಲ್ಕತ್ತದಲ್ಲಿ ಈ ಲೆಕ್ಕ ನನಗೆ ಇನ್ನೂ ಸ್ಪಷ್ಟವಾಯಿತು. ಕಾಲೇಜ್ ಸ್ಟ್ರೀಟ್ ಎಂದರೆ ಪುಸ್ತಕದ ಬೀದಿ. ಪ್ರೆಸಿಡೆನ್ಸಿ ವಿಶ್ವವಿದ್ಯಾಲಯದ ಕಬ್ಬಿಣದ ಬೇಲಿಗೆ ಒರಗಿಕೊಂಡೇ ಸಾಲು ಸಾಲು ಪುಸ್ತಕದ ಗೂಡಂಗಡಿಗಳು. ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರುವ ಆ ಅಂಗಡಿಕಾರರು ಉಣ್ಣಲೇಬೇಕಲ್ಲ? ಹಳೆಯ ಪುಸ್ತಕವೊಂದಕ್ಕೆ ಚೌಕಾಸಿ ಮುಗಿದ ಮೇಲೆ, ಅರೆಬರೆ ಹಿಂದಿಯಲ್ಲಿ ಅಂಗಡಿಯವರನ್ನು ಅದೇ ಪ್ರಶ್ನೆ ಕೇಳಿದೆ. ಅವರು ಗದ್ದದಿಂದಲೇ ಭವಾನಿ ದತ್ತ ಲೇನಿನ ಕಡೆ ತೋರಿಸಿದರು.

ಆ ಓಣಿಯಲ್ಲಿರುವುದು ಸ್ವಾಧೀನ್ ಭಾರತ್ ಹಿಂದು ಹೋಟೆಲ್. ಒಡಿಶಾದಿಂದ ಬಂದ ಮನಗೋಬಿಂದ ಪಾಂಡಾ ಎಂಬವರು ಸ್ವಾತಂತ್ರ್ಯಕ್ಕೆ ಮುಂಚೆ ಶುರು ಮಾಡಿದ ಹಿಂದು ಹೋಟೆಲ್, ದೇಶ ಸ್ವತಂತ್ರವಾದಾಗ ತನ್ನ ಹೆಸರಿನ ಹಿಂದೆ ಸ್ವಾಧೀನ್ ಭಾರತ್ ಸೇರಿಸಿಕೊಂಡಿತು. ಇಂಥವನ್ನು ಅಲ್ಲಿ ಪೈಸ್ ಹೋಟೆಲ್ ಎನ್ನುತ್ತಾರೆ. 1957ರಲ್ಲಿ ದಶಮಾಂಶ ನಾಣ್ಯ ಬರುವ ಮುಂಚೆ ರೂಪಾಯಿಗೆ 64 ಪೈಸೆ ಇದ್ದ ಕಾಲದಲ್ಲಿ, ಹಳ್ಳಿಗಳಿಂದ ಓದಲು ಮತ್ತು ದುಡಿಯಲು ಬಂದು ಮೆಸ್‌ಬಾಡಿ ಎಂಬ ವಸತಿಗೃಹಗಳಲ್ಲಿ ತಂಗಿದ್ದ ಹುಡುಗರಿಗೆ ಕೆಲವೇ ಪೈಸೆಗಳಲ್ಲಿ ಮನೆಯಂಥ ಊಟ ಹಾಕಲು ಹುಟ್ಟಿದ ಜಾಗಗಳು ಅವು. ಹುಬ್ಬಳ್ಳಿಯ ವಹಿಯಲ್ಲಿದ್ದ ಹೆಸರುಗಳಂಥ ಜನರೇ ಇವುಗಳ ಮೂಲ ಗಿರಾಕಿಗಳೂ ಹೌದು.

ಒಳಗೆ ಗೋಡೆಯ ಮೇಲೆ ಕಪ್ಪು ಹಲಗೆ. ಆ ದಿನದ ಅಡುಗೆ ಸೀಮೆಸುಣ್ಣದಲ್ಲಿ, ಬಂಗಾಳಿಯಲ್ಲಿ. ಒಂದು ಬಗೆ ಖಾಲಿಯಾದರೆ ಅದನ್ನು ಅಳಿಸಿಬಿಡುತ್ತಾರೆ. ಓದಲು ಬಾರದ ನನ್ನ ಮುಂದೆ ನಿಂತು ಬಡಿಸುವವರು ಇಡೀ ಹಲಗೆಯನ್ನು ಒಂದೇ ಉಸಿರಿಗೆ ಒಪ್ಪಿಸಿದರು. ನಾನು ಪಕ್ಕದವರ ಎಲೆ ತೋರಿಸಿದೆ. ಭಾಷೆ ಬಾರದ ಊರಿನಲ್ಲಿ ಪಕ್ಕದವರ ಎಲೆಗಿಂತ ಒಳ್ಳೆಯ ಮೆನು ಇಲ್ಲ.

ಬಾಳೆಲೆ ಬಂತು, ಅನ್ನ ಬಂತು, ಮೊದಲು ಶುಕ್ತೊ. ಹಾಗಲಕಾಯಿ, ಬಾಳೆಕಾಯಿ, ನುಗ್ಗೆಕಾಯಿ ಹಾಕಿದ ತೆಳು ಬಿಳುಪಿನ ಪಲ್ಯ. ಬಂಗಾಳಿಗಳು ಊಟವನ್ನು ಕಹಿಯಿಂದ ಆರಂಭಿಸುತ್ತಾರೆ. ಆಮೇಲೆ ಬೇಳೆ, ಕರಿದ ಬದನೆಕಾಯಿ, ಪಲ್ಯ, ಅದಾದ ಮೇಲೆ ಮೀನು, ಕೊನೆಗೆ ಸಿಹಿಯಾದ ಟೊಮೇಟೊ ಚಟ್ನಿ. ನಾವು ಸಾರು-ಹುಳಿ-ಮಜ್ಜಿಗೆ ಎಂದು ಕ್ರಮ ಪಾಲಿಸುವಂತೆ ಅವರಿಗೆ ಈ ಕ್ರಮ. ಎಲ್ಲವನ್ನೂ ಒಟ್ಟಿಗೆ ತರಿಸಿಕೊಂಡು ಕಲಸಲು ಹೊರಟರೆ ಪಕ್ಕದವರೇ ತಡೆಯುತ್ತಾರೆ. ಪುಟ್ಟ ಬಟ್ಟಲಿನಲ್ಲಿ ಬಂದ ಮೀನಿನ ಝೋಲ್‌ನಲ್ಲಿ ಕಾತ್ಲಾ ಮೀನಿನ ಒಂದು ತುಂಡು, ಉದ್ದಕ್ಕೆ ಹೆಚ್ಚಿದ ಆಲೂಗಡ್ಡೆ, ಅರಿಸಿನ ಬಣ್ಣದ ತೆಳು ರಸ. ನಮ್ಮ ಕರಾವಳಿಯವರಿಗೆ ಇದು ಸಪ್ಪೆ ಎನಿಸಬಹುದು. ಎರಡು ತುತ್ತು ತಾಳಿದರೆ ಸಾಸಿವೆಯೆಣ್ಣೆಯ ಘಾಟಿನ ಹಿಂದೆ ಮೀನಿನ ಸ್ವಂತ ಸವಿ ತಿಳಿಯುತ್ತದೆ. ಮಸಾಲೆ ಕಡಿಮೆ ಇರುವಲ್ಲಿ ಮೀನು ಹಳೆಯದಾದರೆ ಮುಚ್ಚಿಡಲು ಏನೂ ಇರುವುದಿಲ್ಲ. ಬೆಳಿಗ್ಗೆ ಮಾರುಕಟ್ಟೆಯಿಂದ ತಂದದ್ದು ಮಧ್ಯಾಹ್ನಕ್ಕೆ ಮುಗಿಯಲೇಬೇಕು. ಹಲಗೆಯಲ್ಲಿ ಅಳಿಸಿದ ಸಾಲುಗಳು ಹೇಳುತ್ತಿದ್ದುದು ಅದನ್ನೇ.

ಲೆಕ್ಕವೂ ವಿಶೇಷ. ಅನ್ನಕ್ಕೆ ಬೇರೆ, ಬೇಳೆಗೆ ಬೇರೆ, ಬಾಳೆಲೆಗೆ ಬೇರೆ, ನಿಂಬೆಹೋಳಿಗೂ ಬೇರೆ. ಕೈಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಉಣ್ಣಬಹುದು. ಬಡಿಸಿದವರು ಯಾರು ಏನು ತಿಂದರು ಎಂಬುದನ್ನು ತಲೆಯಲ್ಲೇ ಇಟ್ಟುಕೊಂಡು ಗಲ್ಲಾದ ಕಡೆ ಕೂಗಿ ಹೇಳುತ್ತಾರೆ. ತಿಂಗಳ ಕೊನೆಯ ವಾರದಲ್ಲಿ ಮೀನು ಬಿಟ್ಟು ಬೇಳೆ-ಅನ್ನಕ್ಕೆ ಇಳಿಯುವ ವಿದ್ಯಾರ್ಥಿಯ ಮರ್ಯಾದೆಯನ್ನು ಕಾಪಾಡುವ ಲೆಕ್ಕ ಇದು.

ಕೋಲ್ಕತ್ತಕ್ಕೆ ಹೋಗುವ ಸಸ್ಯಾಹಾರಿಗಳು ಇಂಥ ಹೋಟೆಲುಗಳಿಗೆ ಹೆದರಬೇಕಿಲ್ಲ. ಗಸಗಸೆ ಅರೆದು ಹಾಕಿದ ಆಲೂ ಪೋಸ್ತೊ, ಬಾಳೆಹೂವಿನ ಪಲ್ಯ, ಕಡಲೆಬೇಳೆಯ ಬಿಲ್ಲೆಗಳನ್ನು ಕರಿದು ಗೊಜ್ಜಿಗೆ ಹಾಕಿದ ಧೋಕಾರ್ ಡಾಲ್ನಾ, ಇವನ್ನೆಲ್ಲ ಹುಡುಕಿಕೊಂಡು ಹೋಗಿ ತಿನ್ನಬೇಕು. ಆದರೆ ಒಂದು ಎಚ್ಚರಿಕೆ. ಬೇಳೆಗೆ ಮೀನಿನ ತಲೆ, ಬಾಳೆಹೂವಿಗೆ ಸಿಗಡಿ ಹಾಕುವ ರೂಢಿಯೂ ಅಲ್ಲುಂಟು. ಕೂರುವ ಮೊದಲೇ ‘ನಿರಾಮಿಷ್’ ಎಂದುಬಿಡಬೇಕು.

ಊರಿನ ಊಟ ಹುಡುಕಲು ಊರಿನ ಕೆಲಸವನ್ನು ಮೊದಲು ಹುಡುಕಬೇಕು ಎಂದು ಹುಬ್ಬಳ್ಳಿ, ಕೋಲ್ಕತ್ತಗಳಿಂದ ನನಗೆ ಖಚಿತವಾಯಿತು. ದಾವಣಗೆರೆಯನ್ನೇ ನೋಡಿ. ಹತ್ತಿ ಗಿರಣಿಗಳ ಊರು ಅದು, ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು. 1920ರ ದಶಕದ ಕೊನೆಯಲ್ಲಿ ಬೆಳಗಾವಿ ಸೀಮೆಯ ಬಿಡಕಿಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬವರು ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹಾಕಿ ಮಾರಲು ಶುರು ಮಾಡಿದರು, ಅವರ ಮಕ್ಕಳ ಕಾಲಕ್ಕೆ ಅದು ಅಕ್ಕಿಯ ಬೆಣ್ಣೆದೋಸೆಯಾಯಿತು ಎಂದು ಅಲ್ಲಿನವರು ಹೇಳುತ್ತಾರೆ. ದುಡಿಯುವ ಜನ, ನಾಟಕ ನೋಡುವ ಜನ ಇದ್ದಲ್ಲಿ ದೋಸೆ ಬೆಳೆಯಿತು. ಇವತ್ತಿಗೂ ದಾವಣಗೆರೆಯಲ್ಲಿ ಬೆಳಿಗ್ಗೆ ಬೆಣ್ಣೆದೋಸೆಯ ಹೊತ್ತು, ಸಂಜೆ ಮಂಡಕ್ಕಿ-ಮೆಣಸಿನಕಾಯಿಯ ಹೊತ್ತು. ಮಂಡಕ್ಕಿ ಹುರಿಯುವ ಭಟ್ಟಿಗಳ ಬಡಾವಣೆಯೇ ಅಲ್ಲಿದೆ.

ಹೊತ್ತಿನ ವಿಷಯದಲ್ಲಿ ಹಟ ಮಾಡಬಾರದು. ಇಂದೋರಿನ ಸರಾಫಾ ಹಗಲಲ್ಲಿ ಚಿನ್ನ-ಬೆಳ್ಳಿಯ ಬಜಾರು. ರಾತ್ರಿ ಆ ಅಂಗಡಿಗಳ ಬಾಗಿಲು ಎಳೆದ ಮೇಲೆ ಅದೇ ಕಟ್ಟೆಗಳ ಮುಂದೆ ಕರಿದ ಗೆಡ್ಡೆಯ ಗರಾಡು, ಮೆಕ್ಕೆಜೋಳ ತುರಿದು ಮಾಡುವ ಭುಟ್ಟೇ ಕಾ ಕೀಸ್, ಜಿಲೇಬಿ ಶುರುವಾಗಿ ನಡುರಾತ್ರಿ ದಾಟುತ್ತದೆ. ಅಹಮದಾಬಾದಿನ ಮಾಣೆಕ್ ಚೌಕವೂ ಅಷ್ಟೆ. ಹಗಲಿನ ಚಿನಿವಾರರ ಪೇಟೆ ರಾತ್ರಿ ತಿಂಡಿ ಪೇಟೆಯಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಹೋಗಿ ನಿಂತು, ಎಲ್ಲರೂ ಹೊಗಳಿದ್ದು ಇದನ್ನೇನಾ ಎಂದು ನಿರಾಶರಾಗುವವರಿದ್ದಾರೆ. ಹೈದರಾಬಾದಿನ ಹಳೇ ನಗರದಲ್ಲಿ ಮಾಂಸದ ನಹಾರಿ ತಿನ್ನಲು ಬೆಳಕು ಹರಿಯುವಾಗಲೇ ಏಳಬೇಕು. ಲಖನೌದ ಚೌಕದಲ್ಲಿ ಹಾಲಿನ ನೊರೆಯಿಂದ ಮಾಡುವ ಮಖ್ಖನ್ ಮಲಾಯಿ ಚಳಿಗಾಲದ ಮುಂಜಾನೆಗಳಿಗೆ ಮಾತ್ರ. ಮಧುರೆ ‘ತೂಂಗಾ ನಗರಂ’, ನಿದ್ದೆ ಮಾಡದ ಊರು. ಅಲ್ಲಿ ರಾತ್ರಿ ಹತ್ತರ ಮೇಲೆ ಸಿಗುವ ಬಿಸಿ ಇಡ್ಲಿಗೆ ಬೇರೆ ಊರಿನ ಬೆಳಗಿನ ಇಡ್ಲಿ ಸಮ ಬರುವುದಿಲ್ಲ.

ಋತುವೂ ಹಾಗೆಯೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ಆ ದಿನಗಳಲ್ಲಿ ಮಂಗಳೂರಿಗೆ ಹೋಗಿ ದೊಡ್ಡ ಅಂಜಲ್ ತುಂಡೇ ಬೇಕೆಂದು ಕೂರುವ ಬದಲು, ನಾಡದೋಣಿಯವರು ತಂದ ಸಣ್ಣ ಮೀನು ಏನಿದೆ ಎಂದು ಕೇಳುವುದು ಜಾಣತನ. ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಗಂಜಿ ಸಿಕ್ಕಿದರಂತೂ ಮಳೆಗಾಲದ ಕರಾವಳಿಯ ನಿಜವಾದ ಊಟವೇ ಸಿಕ್ಕಿತು.

ಪರವೂರಿನಲ್ಲಿ ಎಲ್ಲಿ ಉಣ್ಣಬೇಕೆಂದು ಹೇಳುವ ಪುಸ್ತಕಗಳ ಚರಿತ್ರೆಯೂ ಸ್ವಾರಸ್ಯದ್ದು. ಜಗತ್ತಿನ ಅಡುಗೆಯವರೆಲ್ಲ ಕನಸು ಕಾಣುವ ನಕ್ಷತ್ರಗಳನ್ನು ಕೊಡುವ ಮಿಶಲಿನ್ ಕೈಪಿಡಿ, 1900ರಲ್ಲಿ ಟೈರ್ ಕಂಪನಿಯೊಂದು ಕಾರಿನವರಿಗೆ ಪುಕ್ಕಟೆ ಹಂಚಿದ ಪುಸ್ತಕ. ಜನ ಹೆಚ್ಚು ಓಡಾಡಿದರೆ ಟೈರು ಸವೆಯುತ್ತದಲ್ಲ. ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರು ಮಾಡಿದ್ದು 1926ರಲ್ಲಿ. ಅಮೆರಿಕದಲ್ಲಿ ಈ ಕೆಲಸ ಮಾಡಿದ್ದು ಮುದ್ರಣ ಕಂಪನಿಯ ಪರವಾಗಿ ಊರೂರು ಸುತ್ತುತ್ತಿದ್ದ ಡಂಕನ್ ಹೈನ್ಸ್ ಎಂಬ ಮಾರಾಟ ಪ್ರತಿನಿಧಿ. ದಾರಿಯಲ್ಲಿ ಕಂಡ ಒಳ್ಳೆಯ ಹೋಟೆಲುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದ ಅವರು 1935ರ ಕ್ರಿಸ್‌ಮಸ್‌ಗೆ ಆ ಪಟ್ಟಿಯನ್ನೇ ಸ್ನೇಹಿತರಿಗೆ ಉಡುಗೊರೆಯಾಗಿ ಕಳಿಸಿದರು. ಮರುವರ್ಷ ಅದು ಪುಸ್ತಕವಾಯಿತು.

ಅದೇ 1936ರಲ್ಲಿ, ಅದೇ ದೇಶದಲ್ಲಿ, ಇನ್ನೊಂದು ಪುಸ್ತಕ ಬಂತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯವರು ತಂದ ‘ಗ್ರೀನ್ ಬುಕ್’. ಕಪ್ಪು ಜನರಿಗೆ ಊಟ ಕೊಡುವ, ಅವಮಾನ ಮಾಡದೆ ಮಲಗಲು ಜಾಗ ಕೊಡುವ ಸ್ಥಳಗಳ ಪಟ್ಟಿ ಅದು. ರುಚಿ ಆಮೇಲಿನ ಮಾತು, ಬಾಗಿಲು ತೆರೆದಿದೆಯೇ ಎಂಬುದೇ ಅವರ ಮೊದಲ ಪ್ರಶ್ನೆ.

ಈ ಪ್ರಶ್ನೆ ನಮಗೆ ಹೊಸದಲ್ಲ. ನಮ್ಮ ಊರುಗಳಲ್ಲಿ ‘ಬ್ರಾಹ್ಮಣರ ಫಲಾಹಾರ ಮಂದಿರ’ ಎಂಬ ಬೋರ್ಡುಗಳಿದ್ದವು. ಒಳಗೆ ಯಾರು, ಹೊರಗೆ ಯಾರು, ಯಾರಿಗೆ ಬೇರೆ ಲೋಟ ಎಂಬುದೆಲ್ಲ ಬರೆಯದೆಯೂ ತಿಳಿಯುತ್ತಿತ್ತು. ಸಂವಿಧಾನ ಬರೆದವರು 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳನ್ನು ಹೆಸರು ಹಿಡಿದೇ ಸೇರಿಸಿ, ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾರನ್ನೂ ಅಲ್ಲಿಂದ ತಡೆಯಬಾರದು ಎಂದದ್ದು ಸುಮ್ಮನೆ ಅಲ್ಲ. ನಾನು ಓಣಿಯ ಖಾನಾವಳಿಯನ್ನೋ ಮೆಸ್ಸನ್ನೋ ಹೊಗಳುವಾಗ ಇದನ್ನು ಮರೆಯಲಾರೆ. ದಿನಾ ಬರುವವರ ಜಾಗ ಎಂಬುದು ಒಂದೇ ಜಾತಿಯವರ ಜಾಗವೂ ಆಗಿಬಿಡಬಹುದು. ಹೊಸಬನ ಹೆಸರು, ಊರು ಕೇಳುವ ಸೌಜನ್ಯದ ಹಿಂದೆ ಅವನು ಯಾರ ಪೈಕಿ ಎಂದು ತಿಳಿಯುವ ಕುತೂಹಲ ಇರುವ ಕಡೆ ಊಟ ಎಷ್ಟೇ ರುಚಿಯಾಗಿರಲಿ, ನಾನು ಅದನ್ನು ಒಳ್ಳೆಯ ಹೋಟೆಲ್ ಎನ್ನುವುದಿಲ್ಲ.

ಒಂಟಿಯಾಗಿ ಓಡಾಡುವ ಹೆಂಗಸರಿಗೂ ಬಾಗಿಲಿನ ಪ್ರಶ್ನೆ ಇನ್ನೂ ಇದೆ. ಗಂಡಸರೇ ತುಂಬಿದ ಮೆಸ್ಸಿನೊಳಗೆ ಕಾಲಿಟ್ಟರೆ ಎಲ್ಲರ ಕೈಯ ತುತ್ತೂ ಒಂದು ಗಳಿಗೆ ನಿಲ್ಲುತ್ತದೆ. ಪರದೆ ಎಳೆದ ‘ಫ್ಯಾಮಿಲಿ ರೂಂ’ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಫ್ಯಾನ್ ತಿರುಗುತ್ತಿರುವುದಿಲ್ಲ, ಬಡಿಸುವವರಿಗೆ ನೆನಪೂ ಇರುವುದಿಲ್ಲ. ಕೆಲಸದ ಮೇಲೆ ಜಿಲ್ಲೆಗಳನ್ನು ಸುತ್ತುವ ಗೆಳತಿಯೊಬ್ಬಳು ಇದಕ್ಕೆ ತನ್ನದೇ ದಾರಿ ಕಂಡುಕೊಂಡಿದ್ದಾಳೆ. ಜಿಲ್ಲಾಸ್ಪತ್ರೆಯ ನರ್ಸುಗಳು ತಿಂಡಿಗೆ ಎಲ್ಲಿಗೆ ಹೋಗುತ್ತಾರೆ ಎಂದು ವಿಚಾರಿಸುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬರುವ ಹೆಂಗಸರು ನೆಮ್ಮದಿಯಾಗಿ ಕೂತು ತಿನ್ನುವ ಜಾಗ ಎಂದರೆ ಶುಚಿಯಾಗಿಯೂ ಇರುತ್ತದೆ, ಬೆಳಿಗ್ಗೆ ಬೇಗ ತೆರೆದೂ ಇರುತ್ತದೆ, ಕೈತೊಳೆಯುವ ಜಾಗದ ಪಕ್ಕ ಬಳಸಬಹುದಾದ ಶೌಚಾಲಯವೂ ಇರುತ್ತದೆ ಎಂದು ಅವಳ ಅನುಭವ. ಶೌಚಾಲಯದ ವಿಷಯ ಗಂಡಸರು ಬರೆಯುವ ಊಟದ ಲೇಖನಗಳಲ್ಲಿ ಬರುವುದೇ ಇಲ್ಲ ಎಂದು ಅವಳು ಹೇಳುವುದು ಸತ್ಯ.

ಡಂಕನ್ ಹೈನ್ಸ್ ಮಾಡಿದ ಕೆಲಸವನ್ನು ನಮ್ಮಲ್ಲಿ ಬರೆಯದೆ ಮಾಡುತ್ತಿರುವವರು ಮೆಡಿಕಲ್ ರೆಪ್‌ಗಳು. ಡಾಕ್ಟರುಗಳ ಕ್ಲಿನಿಕ್ಕಿನ ಹೊರಗೆ ಕಪ್ಪು ಬ್ಯಾಗು ಹಿಡಿದು ಕಾಯುವ ಇವರಿಗೆ ತಾಲ್ಲೂಕು ತಾಲ್ಲೂಕಿನ ಮಧ್ಯಾಹ್ನದೂಟ ಬಾಯಿಪಾಠ. ಅರಸೀಕೆರೆಯಲ್ಲಿ ಎಲ್ಲಿ, ಶಿರಸಿಯಲ್ಲಿ ಎಲ್ಲಿ, ಸಿಂಧನೂರಿನಲ್ಲಿ ಎಲ್ಲಿ ಎಂದು ಕೇಳಿ ನೋಡಿ, ಯಾವ ದಿನ ಏನು ವಿಶೇಷ ಎಂಬುದನ್ನೂ ಸೇರಿಸಿ ಹೇಳುತ್ತಾರೆ. ಭತ್ಯೆಯ ದುಡ್ಡಿನಲ್ಲೇ ಉಣ್ಣಬೇಕು, ಮಧ್ಯಾಹ್ನದ ಮೇಲೆ ಮತ್ತೆ ಓಡಾಡಬೇಕು, ಹೊಟ್ಟೆ ಕೆಟ್ಟರೆ ದಿನದ ಕೆಲಸ ಕೆಟ್ಟಿತು. ಬೀಜ-ಗೊಬ್ಬರ ಕಂಪನಿಯ ಪ್ರತಿನಿಧಿಗಳು, ಬ್ಯಾಂಕಿನ ಆಡಿಟರುಗಳು, ತಿಂಗಳುಗಟ್ಟಲೆ ಕ್ಯಾಂಪ್ ಹಾಕುವ ನಾಟಕ ಕಂಪನಿಯವರು, ಕೋರ್ಟಿನ ಮುಂದಿನ ಬೆರಳಚ್ಚಿನವರು, ಎ.ಪಿ.ಎಂ.ಸಿ. ಯಾರ್ಡಿನ ಹಮಾಲರು ಎಲ್ಲರೂ ನಂಬಬಹುದಾದ ಸಾಕ್ಷಿಗಳೇ. ಅದರಲ್ಲೂ ಹಮಾಲರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೂಟೆ ಹೊರುವ ಮೈಗೆ ತಾಳದ ಊಟವನ್ನು ಅವರು ಎರಡನೇ ಸಲ ಮುಟ್ಟುವುದಿಲ್ಲ.

ಇಷ್ಟೆಲ್ಲ ಕೇಳುವ ಬದಲು ಮೊಬೈಲ್ ನೋಡಿದರೆ ಸಾಲದೆ ಎನ್ನುವವರಿಗೆ ನನ್ನ ತಕರಾರಿಲ್ಲ, ನಾನೂ ನೋಡುತ್ತೇನೆ. ಆದರೆ ಒಟ್ಟು ನಕ್ಷತ್ರ ಎಷ್ಟು ಎಂಬುದಕ್ಕೆ ಅಷ್ಟು ಮಹತ್ವ ಕೊಡುವುದಿಲ್ಲ. ದಿನಾ ಉಣ್ಣುವವರು ನಕ್ಷತ್ರ ಒತ್ತಲು ಹೋಗುವುದು ಕಡಿಮೆ, ಆ ಕೆಲಸ ಮಾಡುವವರು ಬಹುತೇಕ ಒಮ್ಮೆ ಬಂದುಹೋದವರು. ಎ.ಸಿ., ಸೋಫಾ, ಪಾರ್ಕಿಂಗ್ ಇವುಗಳಿಗೂ ನಕ್ಷತ್ರ ಬೀಳುತ್ತದೆ. ನಾನು ನೋಡುವುದು ಬೇರೆ. ಗೂಗಲ್ ನಕ್ಷೆಯಲ್ಲಿ ಯಾವ ದಿನ, ಯಾವ ಹೊತ್ತಿಗೆ ಎಷ್ಟು ಜನ ಎಂದು ತೋರಿಸುವ ಕಂಬಗಳ ಚಿತ್ರ ಇರುತ್ತದೆ. ಸೋಮವಾರದಿಂದ ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಕಂಬ ಏರಿದ್ದು, ಭಾನುವಾರ ಬಾಗಿಲೇ ಮುಚ್ಚುವ ಜಾಗವಾದರೆ ಅದು ಕೆಲಸಗಾರರ ಹೋಟೆಲು, ಧೈರ್ಯವಾಗಿ ಹೋಗಬಹುದು. ಶನಿವಾರ, ಭಾನುವಾರ ಮಾತ್ರ ಏರುವುದಾದರೆ ಜನ ಅಲ್ಲಿಗೆ ಸುತ್ತಾಡಲು ಹೋಗುತ್ತಾರೆ. ಊರಿನವರ ಭಾಷೆಯಲ್ಲೇ ಬರೆದ ಅಭಿಪ್ರಾಯಗಳನ್ನು ಮೊದಲು ಓದಬೇಕು. ಗಿರಾಕಿಗಳು ಹಾಕಿದ ಚಿತ್ರಗಳಲ್ಲಿ ಅದೇ ಒಂದು ತಿಂಡಿ ಮತ್ತೆ ಮತ್ತೆ ಕಂಡರೆ ಹೋಗಿ ತಿನ್ನಬೇಕಾದ್ದು ಅದನ್ನೇ.

ಒಳಗೆ ಹೋದ ಮೇಲೆ ಕಣ್ಣಿಗೆ ಕೆಲಸ ಕೊಡಬೇಕು. ಬೆಂಗಳೂರಿನ ಎಂ.ಟಿ.ಆರ್. ಕಟ್ಟಿದವರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳು ನಡೆಯುವ ಬಗೆಯನ್ನು ಕಣ್ಣಾರೆ ಕಂಡು ಬಂದರು. ಪರದೇಶದ ಊರುಗಳಲ್ಲಿ ಅವರು ಗಮನಿಸಿದ್ದು ಶುಚಿಯನ್ನು. ಹಿಂತಿರುಗಿದ ಮೇಲೆ ಪಾತ್ರೆಗಳನ್ನು ಬಿಸಿಹಬೆಯಲ್ಲಿ ಶುಚಿ ಮಾಡುವ ಪದ್ಧತಿ ತಂದರು, ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. ಅಡುಗೆಮನೆಯನ್ನು ತೋರಿಸಲು ಹಿಂಜರಿಯದ ಹೋಟೆಲು ಸಿಕ್ಕಿದರೆ ಅರ್ಧ ಚಿಂತೆ ಕಳೆಯಿತು. ಅದು ಕಾಣದಿದ್ದರೆ ಕೈತೊಳೆಯುವ ತೊಟ್ಟಿ, ಟೇಬಲ್ ಒರೆಸುವ ಬಟ್ಟೆ, ನೀರಿನ ಲೋಟದ ಅಂಚು ಈ ಮೂರನ್ನು ನೋಡಿದರೆ ಸಾಕು. ‘ಅದು ಮುಗೀತು ಸಾರ್’ ಎಂಬ ಮಾತು ಕೇಳಿಸಿದರೆ ಬೇಜಾರು ಮಾಡಿಕೊಳ್ಳಬಾರದು. ಎಷ್ಟು ಬೇಕೋ ಅಷ್ಟನ್ನೇ ಮಾಡುವ ಹೋಟೆಲಿನ ಲಕ್ಷಣ ಅದು. ರಾತ್ರಿ ಹತ್ತಕ್ಕೂ ಎಲ್ಲವೂ ಇದೆ ಎನ್ನುವ ಕಡೆಯೇ ನನಗೆ ಅನುಮಾನ ಹೆಚ್ಚು.

ದಿನಾ ಬರುವವರ ಹೋಟೆಲಿನಲ್ಲಿ ನಡೆದುಕೊಳ್ಳುವ ರೀತಿಯನ್ನೂ ಹೊಸಬರು ಕಲಿಯಬೇಕು. ಊಟದ ಹೊತ್ತಿನಲ್ಲಿ ನಾಲ್ಕು ಕುರ್ಚಿಯ ಟೇಬಲ್ಲನ್ನು ಒಬ್ಬರೇ ಹಿಡಿದು ಕೂರಬಾರದು. ನಾಲ್ಕೇ ಬಗೆ ಮಾಡುವ ಜಾಗದಲ್ಲಿ ಅದನ್ನು ಬದಲಿಸಿ, ಇದನ್ನು ತೆಗೆದು ಕೊಡಿ ಎನ್ನಬಾರದು. ಉಣ್ಣುತ್ತಿರುವವರ ಮುಖದ ಮುಂದೆ ಮೊಬೈಲ್ ಹಿಡಿಯಬಾರದು. ಅವರು ಕೆಲಸದ ನಡುವೆ ಹಸಿದು ಬಂದವರು, ನೋಟಕ್ಕಾಗಿ ಕೂತವರಲ್ಲ.

ಕನ್ನಡಿಗರಿಗೆ ಹೊರನಾಡಿನಲ್ಲಿ ಇನ್ನೊಂದು ಆಕರ್ಷಣೆ ಉಂಟು, ‘ಉಡುಪಿ’ ಎಂಬ ಬೋರ್ಡು. ಅದರ ಹಿಂದಿನ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವ. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಮನೆಬಿಟ್ಟು ನೌಕರಿಗೆ ಬಂದ ದಕ್ಷಿಣದವರಿಗೆ ಬಾಳೆಲೆ ಹಾಕಿ ಬಡಿಸಿದ ಜಾಗ. ಮಾಟುಂಗಾದಲ್ಲಿ ಆ ಊಟ ಆ ಪೇಟೆಯದೇ ಊಟ, ಅಲ್ಲಿ ಉಣ್ಣಲೇಬೇಕು. ಆದರೆ ಇಂದೋರಿಗೋ ಅಮೃತಸರಕ್ಕೋ ಹೋಗಿ ಮೊದಲ ದಿನವೇ ಇಡ್ಲಿ-ಸಾಂಬಾರ್ ಹುಡುಕುವುದು ಆ ಊರಿಗೂ ನಮ್ಮ ನಾಲಗೆಗೂ ಮಾಡುವ ಅನ್ಯಾಯ.

ಹೊಸ ಊರಿಗೆ ಹೋಗುವವರು ನಾವಷ್ಟೇ ಅಲ್ಲ, ದಕ್ಷಿಣದ ನಮ್ಮ ಊರುಗಳಿಗೂ ಜನ ಬರುತ್ತಾರೆ. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ನಡೆದರೆ ತಮಿಳಿನ ಜೊತೆಗೇ ಬಂಗಾಳಿ ಬೋರ್ಡುಗಳು. ಬಂಗಾಳದಿಂದ, ಬಾಂಗ್ಲಾದೇಶದಿಂದ ಚಿಕಿತ್ಸೆಗೆ ಬರುವವರು ವಾರಗಟ್ಟಲೆ ಉಳಿಯುತ್ತಾರೆ. ರೋಗಿಯ ಜೊತೆಗೆ ಬಂದವರಿಗೆ ದಿನಾ ಎರಡು ಹೊತ್ತು ಅನ್ನ-ಮೀನು ಬೇಕು, ಅದಕ್ಕಾಗಿ ಅಲ್ಲಿ ಮೀನು-ಅನ್ನದ ಹೋಟೆಲುಗಳ ಸಾಲೇ ಎದ್ದಿದೆ. ಬೆಂಗಳೂರಿನ ಅಂಚಿನ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯದ ಸುತ್ತಲೂ ಇದೇ ಕತೆ. ಸಣ್ಣ ಕೋಣೆ, ಉದ್ದ ಬೆಂಚು, ಬಂಗಾಳಿಯಲ್ಲಿ ಬರೆದ ಬೋರ್ಡು, ಸಾಸಿವೆಯೆಣ್ಣೆಯ ವಾಸನೆ. ಆಪರೇಷನ್ ತಾರೀಕಿಗೆ ಕಾಯುತ್ತಿರುವವರು ಅಲ್ಲಿ ಕೂತು ಉಣ್ಣುತ್ತಾರೆ. ನಾಳೆಯೂ ಬರುತ್ತಾರೆ, ನಾಡಿದ್ದೂ ಬರುತ್ತಾರೆ, ಹಾಗಾಗಿ ಮೀನು ತಾಜಾ ಇರಲೇಬೇಕು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಲ್ಲಿ ಈ ಹೋಟೆಲುಗಳ ಒಳಹೊಕ್ಕವರು ಕಡಿಮೆ. ಹೋಗುವವರು ಮಧ್ಯಾಹ್ನ ಹನ್ನೆರಡೂವರೆ, ಒಂದರ ಹೊತ್ತಿಗೇ ಹೋಗಲಿ. ತಡವಾದರೆ ಬೇಳೆ-ಅನ್ನ ಸಿಕ್ಕೀತು, ಝೋಲ್ ಉಳಿದಿರುವ ಭರವಸೆಯಿಲ್ಲ.